ದಸರೆಯ ರಾತ್ರಿ ದೇವರಗಟ್ಟಿಗೆ ಹೋಗುವವರಿಗೆ ಎರಡು ಮಾತು



ನನಗೆ ಕೊಟ್ಟ ವಿಷಯ ‘ರಾತ್ರಿ ಹೊರಗೆ ಹೋದಾಗ ಸುರಕ್ಷತೆ’. ಈ ಮಾತು ಬಂದ ಕೂಡಲೇ ಎಲ್ಲರ ಕಣ್ಣು ಹುಡುಗಿಯರ ಕಡೆ ತಿರುಗುತ್ತೆ. ಬಿಎ ಓದೋ ಹುಡುಗಿ ಮಾತಾಡ್ತಾಳೆ ಅಂದ್ರೆ ಹುಡುಗಿಯರಿಗೇ ಬುದ್ಧಿ ಹೇಳ್ತಾಳೆ ಅಂತ ನೀವೂ ಅಂದ್ಕೊಂಡಿರಬಹುದು. ನಮಗೆ ಹೇಳೋರು ಮನೆ ತುಂಬ ಇದ್ದಾರೆ. ಕಾಲೇಜು ಬಿಟ್ಟ ಮೇಲೆ ಬಸ್ಸು ಅರ್ಧ ಗಂಟೆ ತಡ ಆದ್ರೆ ಮೂರು ಸಲ ಫೋನ್ ಬರುತ್ತೆ. ತಮ್ಮನಿಗೆ ಮಾತ್ರ ‘ಯಾರ ಜೊತೆ ಹೊಂಟಿ, ಎಷ್ಟೊತ್ತಿಗೆ ಬರ್ತಿ’ ಅಂತ ಕೇಳೋರಿಲ್ಲ. ಆದ್ರೆ ನಮ್ಮ ಸೀಮೆಯಲ್ಲಿ ತಲೆ ಒಡೆಸಿಕೊಂಡು ಬರೋ ರಾತ್ರಿ ಒಂದಿದೆಯಲ್ಲ, ಆ ರಾತ್ರಿ ಹೋಗೋರು ಗಂಡಸರು. ದಸರೆಯ ರಾತ್ರಿ. ದೇವರಗಟ್ಟು. ಅದಕ್ಕೇ ಇವತ್ತಿನ ಮಾತು ನಿಮಗೆ, ಹುಡುಗರಿಗೆ.

ದೇವರಗಟ್ಟು ಹೊಳಗುಂದ ಮಂಡಲದಲ್ಲಿದೆ ಅಂತ ನಿಮಗೆ ಹೇಳಬೇಕಿಲ್ಲ. ಆದ್ರೆ ಈ ಸಂಚಿಕೆ ಬೇರೆ ಊರಿನ ನೆಂಟರ ಕೈಗೂ ಹೋಗುತ್ತೆ, ಹಾಗಾಗಿ ನಾಲ್ಕು ಸಾಲು. ಗುಡ್ಡದ ಮೇಲೆ ಮಾಳಮ್ಮ, ಮಲ್ಲೇಶ್ವರರ ಗುಡಿ. ವಿಜಯದಶಮಿಯ ನಡುರಾತ್ರಿ ದೇವರಿಗೆ ಕಲ್ಯಾಣ ಆಗುತ್ತೆ. ಆಮೇಲೆ ಉತ್ಸವ ಮೂರ್ತಿಗಳು ಪಂಜಿನ ಬೆಳಕಲ್ಲಿ ಕೆಳಗಿಳಿದು ಪಾದಲಗಟ್ಟು, ರಾಕ್ಷಸಪಡ, ಬನ್ನಿ ಮರ ಹೀಗೆ ಹೋಗಿ, ಬೆಳಗಿನ ಜಾವ ಬಸವಣ್ಣನ ಗುಡಿ ಹತ್ತಿರ ಕಾರಣಿಕ ನುಡಿಯುತ್ತಾರೆ. ನೆರಣಿಕಿ, ನೆರಣಿಕಿ ತಾಂಡ, ಕೊತ್ತಪೇಟೆಯವರು ಮೂರ್ತಿಗಳನ್ನ ಕಾಯೋರು. ಅರಿಕೆರೆ, ಎಳ್ಳಾರ್ತಿ, ಸುಳವಾಯಿ, ಸುತ್ತಲಿನ ಇನ್ನಷ್ಟು ಊರಿನವರು ಎದುರಿಗೆ ನಿಲ್ಲೋರು. ಕೈಯಲ್ಲಿ ಕಬ್ಬಿಣದ ಬಳೆ ಹಾಕಿದ ಬಡಿಗೆ. ಹೊಡೆದಾಡಲ್ಲ ಅಂತ ಮೊದಲು ಹಾಲು ಮುಟ್ಟಿ ಭಾಷೆ ಮಾಡ್ತಾರೆ. ಆ ಭಾಷೆ ಎಷ್ಟೊತ್ತು ಉಳಿಯುತ್ತೆ ಅನ್ನೋದು ಮಾರನೇ ದಿನದ ಪೇಪರ್ ನೋಡಿದರೆ ಗೊತ್ತಾಗುತ್ತೆ. ವರ್ಷ ವರ್ಷವೂ ಹತ್ತಾರು ಜನರಿಗೆ ಗಾಯ, ಕೆಲವು ವರ್ಷ ಸಾವು. ಟಿವಿಯವರು ‘ಕರ್ರಲ ಸಮರಂ’ ಅಂತ ಹೆಸರಿಟ್ಟು ರಾತ್ರಿಯೆಲ್ಲ ತೋರಿಸ್ತಾರೆ. ಸಾವಿರ ಪೊಲೀಸರು ಬಂದ್ರೂ, ಡ್ರೋನ್ ಹಾರಿದ್ರೂ, ಸಿಸಿ ಕ್ಯಾಮೆರಾ ಇಟ್ರೂ ತಲೆ ಒಡೆಯೋದು ನಿಂತಿಲ್ಲ.

ಹೋಗಬೇಡಿ ಅಂತ ನಾನು ಹೇಳೋಕೆ ಬಂದಿಲ್ಲ. ಹೇಳಿದ್ರೆ ನೀವು ಕೇಳೋದೂ ಇಲ್ಲ. ಭಕ್ತಿಯಿಂದ ಹೋಗೋರು ಇದ್ದಾರೆ, ನೋಡೋಕೆ ಹೋಗೋರು ಅದಕ್ಕಿಂತ ಹೆಚ್ಚು. ಆದ್ರೆ ಹೊರಡೋ ಮುಂಚೆ ಒಂದು ಲೆಕ್ಕ ಹಾಕ್ರಿ. ದಸರೆ ಆಗಿ ಸ್ವಲ್ಪ ದಿನಕ್ಕೆ ನಮ್ಮ ಓಣಿ ಖಾಲಿ ಆಗುತ್ತೆ. ಸುಗ್ಗಿ. ಹತ್ತಿ ಬಿಡಿಸೋಕೆ, ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸೋಕೆ ಗಂಡ ಹೆಂಡ್ತಿ ಮಕ್ಕಳು ಲಾರಿ ಹತ್ತಿ ಹೋಗ್ತಾರೆ. ಕೂಲಿಯ ಮೇಲೆ ಮುಂಗಡ ತಗೊಂಡಿರ್ತಾರೆ. ಹೊಲ ಇರೋ ಮನೆಯ ಹುಡುಗನ ಕೈ ಮುರಿದರೆ ಅವನ ಹೊಲ ಅಲ್ಲೇ ಇರುತ್ತೆ. ನಮ್ಮ ಮನೆಯವನ ಕೈ ಮುರಿದರೆ ಆ ವರ್ಷದ ಸುಗ್ಗಿಯೇ ಮುರಿಯಿತು. ಮುಂಗಡ ತೀರಿಸೋಕೆ ಅವನ ಹೆಂಡ್ತಿ ಎರಡಾಳಿನ ಕೆಲಸ ಮಾಡಬೇಕು. ಅದೇ ಬಡಿಗೆ, ಅದೇ ಏಟು, ಬೆಲೆ ಮಾತ್ರ ಬೇರೆ ಬೇರೆ.

ಬಡಿಗೆ ಹಿಡಿಯದಿದ್ರೆ ಹೇಡಿ ಅಂತಾರೆ ಅಂತ ಕೆಲವರು ಹೇಳ್ತೀರಿ. 1927ರ ಮಾರ್ಚ್ 20ರಂದು ಮಹಾಡದಲ್ಲಿ ಚವದಾರ್ ಕೆರೆಯ ನೀರು ಮುಟ್ಟಿ ಬಂದ ನಮ್ಮ ಜನರ ಮೇಲೆ ಸವರ್ಣೀಯರು ಬಡಿಗೆ ಹಿಡಿದು ಬಿದ್ದರು. ನಮ್ಮವರಲ್ಲಿ ಸೈನ್ಯದಲ್ಲಿ ದುಡಿದವರೂ ಇದ್ದರು. ‘ಹೂಂ’ ಅಂದಿದ್ರೆ ಸಾಕಿತ್ತು. ಬಾಬಾಸಾಹೇಬರು ‘ಹೂಂ’ ಅನ್ನಲಿಲ್ಲ, ತಿರುಗಿ ಹೊಡೆಯಬೇಡಿ ಅಂತ ತಡೆದರು. ಅವರನ್ನ ಹೇಡಿ ಅಂತ ಯಾರಾದ್ರೂ ಅಂತೀರಾ?

ಇನ್ನು ಕೆಲಸದ ಮಾತು. ಮೊದಲನೇದು ಕುಡಿತ. ಗಡಿ ದಾಟಿ ಬರೋ ಟೆಟ್ರಾ ಪ್ಯಾಕೆಟ್ ಬಗ್ಗೆ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಕುಡಿದವನಿಗೆ ಬಡಿಗೆ ಬರೋದು ಕಾಣಲ್ಲ, ಪಂಜಿನ ಕಿಡಿ ತಾಕಿದ್ದೂ ಗೊತ್ತಾಗಲ್ಲ. ಅದಕ್ಕಿಂತ ದೊಡ್ಡ ತೊಂದರೆ ಆಮೇಲೆ: ತಲೆಗೆ ಏಟು ಬಿದ್ದು ಮಂಪರು ಬಂದ್ರೆ ‘ಕುಡಿದು ಮಲಗ್ಯಾನ, ಬಿಡು’ ಅಂತ ಪಕ್ಕದವರು ಬಿಟ್ಟುಬಿಡ್ತಾರೆ. ಈ ಒಂದು ಮಾತನ್ನ ದಯವಿಟ್ಟು ನೆನಪಿಡಿ. ತಲೆಗೆ ಏಟು ಬಿದ್ದವನು ಎದ್ದು ನಿಂತು, ನಗ್ತಾ ಮಾತಾಡಿ, ಒಂದೆರಡು ಗಂಟೆ ಆದ ಮೇಲೆ ಬೀಳಬಹುದು. ತಲೆಬುರುಡೆ ಒಳಗೆ ರಕ್ತ ನಿಧಾನವಾಗಿ ತುಂಬ್ತಾ ಇರುತ್ತೆ. ಮೇಲೆ ಮೇಲೆ ವಾಂತಿ, ತೊದಲು ಮಾತು, ಹೆಚ್ಚಾಗ್ತಾ ಹೋಗೋ ತಲೆನೋವು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗೋದು, ಎಬ್ಬಿಸಿದ್ರೂ ಏಳದಿರೋದು – ಇದರಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡ್ರಿ. ಕಾರಣಿಕ ಮುಗೀಲಿ ಅಂತ ಕಾಯಬೇಡಿ. ಹಬ್ಬದ ದಿನ ಗುಡ್ಡದ ಹತ್ತಿರವೇ ವೈದ್ಯರ ಶಿಬಿರ ಹಾಕಿರ್ತಾರೆ. ಅದು ಎಲ್ಲಿದೆ ಅಂತ ಹೋದ ಕೂಡಲೇ, ಬೆಳಕಿದ್ದಾಗಲೇ ನೋಡಿ ಇಟ್ಕೊಳ್ಳಿ.

ಗಾಯಕ್ಕೆ ಭಂಡಾರ ಮೆತ್ತೋದು ನಮ್ಮ ಕಡೆ ನಡೆದು ಬಂದ ಪದ್ಧತಿ. ಭಂಡಾರ ಹಣೆಗೆ ಇಟ್ಕೊಳ್ಳಿ, ನನ್ನದೇನೂ ತಕರಾರಿಲ್ಲ. ಒಡೆದ ತಲೆಗೆ ಬೇಕಾಗಿರೋದು ಸ್ವಚ್ಛ ಬಟ್ಟೆಯ ಒತ್ತು, ಹೊಲಿಗೆ, ಟಿಟಿ ಇಂಜೆಕ್ಷನ್. ಸುಟ್ಟ ಗಾಯಕ್ಕೆ ಪೇಸ್ಟು, ಇಂಕು ಹಚ್ಚದೆ ತಣ್ಣೀರನ್ನ ಇಪ್ಪತ್ತು ನಿಮಿಷ ಸುರೀರಿ. ಪಾಲಿಸ್ಟರ್ ಬಟ್ಟೆಗೆ ಬೆಂಕಿ ತಾಕಿದರೆ ಕರಗಿ ಮೈಗೆ ಅಂಟುತ್ತೆ. ಅವತ್ತು ಹೊಸ ಅಂಗಿಯ ಆಸೆ ಬಿಟ್ಟು ಹತ್ತಿ ಬಟ್ಟೆ ಹಾಕ್ಕೊಂಡು ಹೋಗ್ರಿ.

ಏಟು ಬಿದ್ದವರು ಆಸ್ಪತ್ರೆಗೆ ಹೋಗದೆ ತಪ್ಪಿಸ್ಕೊಂಡು ಮನೆಗೆ ಬರ್ತಾರೆ, ಕೇಸ್ ಆಗುತ್ತೆ ಅನ್ನೋ ಭಯ. ಮೊದಲು ಚಿಕಿತ್ಸೆ, ಕಾಗದಪತ್ರ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಕೇಸಿನಲ್ಲಿ ಹೇಳಿದೆ. ಸರ್ಕಾರಿ ಆಗಲಿ ಖಾಸಗಿ ಆಗಲಿ, ಡಾಕ್ಟರು ಜೀವ ಉಳಿಸೋದನ್ನ ಮುಂದೂಡೋ ಹಾಗಿಲ್ಲ. ಇನ್ನೊಂದು ವಿಷಯ ಎಲ್ಲರಿಗೂ ಗೊತ್ತು, ಬಾಯಿ ಬಿಡಲ್ಲ: ಹಳೇ ಜಗಳದ ಸೇಡನ್ನ ಆ ಕತ್ತಲಲ್ಲಿ ತೀರಿಸ್ಕೊಳ್ಳೋರು ಇದ್ದಾರೆ. ಹಬ್ಬದಲ್ಲಿ ಬಿದ್ದ ಏಟು ಅಂತ ಹೇಳಿದ್ರೆ ಮುಗೀತಲ್ಲ. ಜಾತಿ ಹೆಸರಿಡಿದು ಬೈದು ಹೊಡೆದರೆ ಅದು ಹಬ್ಬ ಅಲ್ಲ, 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. 14566ಕ್ಕೆ ಫೋನ್ ಮಾಡಬಹುದು, ದುಡ್ಡು ಕಟ್ಟಾಗಲ್ಲ. ಘಟನೆ ಆಂಧ್ರದಲ್ಲಿ ಆಗಿ ನೀವು ಸಿರುಗುಪ್ಪಕ್ಕೋ ಬಳ್ಳಾರಿಗೋ ಹೋಗಿ ಸೇರಿದ್ರೂ ಅಲ್ಲಿನ ಠಾಣೆಯಲ್ಲಿ ಝೀರೋ ಎಫ್‌ಐಆರ್ ಕೊಡಬಹುದು. ‘ನಮ್ಮ ಹದ್ದಲ್ಲ’ ಅಂತ ವಾಪಸ್ ಕಳಿಸೋ ಹಾಗಿಲ್ಲ. 1953ರಲ್ಲಿ ಆದೋನಿ, ಆಲೂರು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಹೋದಾಗಿಂದ ನಮ್ಮ ಜನರನ್ನ ಎಲ್ಲದಕ್ಕೂ ‘ಆ ಕಡೆ ಹೋಗು, ಈ ಕಡೆ ಹೋಗು’ ಅನ್ನೋದು ರೂಢಿಯಾಗಿದೆ. ಇದೊಂದರಲ್ಲಿ ಅನ್ನಿಸ್ಕೊಳ್ಳಬೇಡಿ.

ಬರೀ ನೋಡೋಕೆ ಹೋಗೋರಿಗೂ ಅಪಾಯ ಇಲ್ಲ ಅನ್ನಬೇಡಿ. 2023ರಲ್ಲಿ ನೋಡೋಕೆ ಜನ ಹತ್ತಿದ್ದ ಮರದ ಕೊಂಬೆ ಮುರಿದು ಪ್ರಾಣ ಹೋಯಿತು. ಮರ ಹತ್ತಬೇಡಿ, ಚಿಕ್ಕ ಹುಡುಗರನ್ನ ಹೆಗಲ ಮೇಲೆ ಹೊತ್ತು ಮುಂದೆ ನುಗ್ಗಬೇಡಿ. ಪಂಜುಗಳು ಯಾವ ಕಡೆ ಬರ್ತಾವೋ ಅದರ ಪಕ್ಕಕ್ಕೆ, ಎತ್ತರದಲ್ಲಿ, ಹಿಂದೆ ಜಾಗ ಬಿಟ್ಕೊಂಡು ನಿಲ್ಲಿ. ಅಷ್ಟು ಜನ ಸೇರಿದ ಕಡೆ ಫೋನ್ ಸಿಗ್ನಲ್ ನಂಬೋ ಹಾಗಿಲ್ಲ, ಸೇರೋ ಜಾಗ ಮೊದಲೇ ಮಾತಾಡ್ಕೊಳ್ಳಿ. ‘ಬಸವಣ್ಣನ ಗುಡಿ ಹತ್ತಿರ’ ಅಂತ ಮಾತ್ರ ಅನ್ನಬೇಡಿ, ಬೆಳಗಿನ ಜಾವ ಎಲ್ಲ ಜನ ಅಲ್ಲೇ ನುಗ್ಗೋದು. ಗಾಡಿ ನಿಲ್ಲಿಸಿದ ಜಾಗವೇ ವಾಸಿ. ಮನೆಯ ನಂಬರನ್ನ, ರಕ್ತದ ಗುಂಪನ್ನ ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ. ಲಾಕ್ ಆದ ಫೋನಿನಿಂದ ನಿಮ್ಮ ಅವ್ವನಿಗೆ ಯಾರೂ ಫೋನ್ ಮಾಡೋಕಾಗಲ್ಲ.

ಇನ್ನು ವಾಪಸ್ ಬರೋ ದಾರಿ. ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ನಲವತ್ತು ಜನ, ಬೈಕಿನ ಮೇಲೆ ಮೂವರು, ಎಲ್ಲರಿಗೂ ನಿದ್ದೆ. ಗುಂಪಿನಲ್ಲಿ ಒಬ್ಬ ಕುಡಿಯದವನು ಇರಲೇಬೇಕು, ಗಾಡಿ ಓಡಿಸೋದು ಅವನೇ, ಅದೂ ಒಂದು ತಾಸು ಮಲಗಿ ಎದ್ದ ಮೇಲೆ. ಕುಡಿದು ಓಡಿಸಿ ಸಿಕ್ಕಿಬಿದ್ದರೆ ಹತ್ತು ಸಾವಿರದವರೆಗೆ ದಂಡ. ಅದು ಎಷ್ಟು ದಿನದ ಕೂಲಿ ಅಂತ ನೀವೇ ಎಣಿಸ್ರಿ.

ಒಂದು ಕೋರಿಕೆ ಇದೆ. ಈ ಸಲ ದಸರೆಗೆ ಎರಡು ದಿನ ಮುಂಚೆ ಸಂಘದಲ್ಲಿ ಒಂದು ನೋಟ್‌ಬುಕ್ ಇಡೋಣ. ಯಾರು ಹೋಗ್ತಾರೆ, ಯಾವ ಗಾಡಿ, ಕುಡಿಯದವನು ಯಾರು, ಮನೆಯ ನಂಬರು ಏನು, ಎಲ್ಲ ಅದರಲ್ಲಿರಲಿ. ಬೆಳಿಗ್ಗೆ ಬಂದವರು ಬಂದು ಟಿಕ್ ಹಾಕಿ ಮನೆಗೆ ಹೋಗ್ಲಿ. ಹತ್ತು ಗಂಟೆ ಆದ್ರೂ ಟಿಕ್ ಬೀಳದ ಹೆಸರಿದ್ದರೆ ಇಬ್ಬರು ಆಲೂರು ಆಸ್ಪತ್ರೆಗೆ, ಇಬ್ಬರು ಆದೋನಿ ಆಸ್ಪತ್ರೆಗೆ ಹೋಗಿ ನೋಡ್ಲಿ. ನೋಟ್‌ಬುಕ್ ನೋಡ್ಕೊಳ್ಳೋ ಕೆಲಸ ನಾವು ಹುಡುಗಿಯರು ಮಾಡ್ತೀವಿ. ಆ ರಾತ್ರಿ ಹೆಂಗೂ ನಮ್ಮ ಮನೆಗಳಲ್ಲಿ ಹೆಂಗಸರು ಯಾರೂ ಮಲಗಲ್ಲ. ಇವತ್ತು ಸಭೆ ಮುಗಿದ ಮೇಲೆ ಹೆಸರು ಕೊಡೋರು ನನ್ನ ಹತ್ತಿರ ಬರ್ರಿ.

ಜೈ ಭೀಮ್.