ಚಿಕ್ಕ ಮಕ್ಕಳೊಡನೆ ಕಡಲ ಊರಿಗೆ

ಮೈಸೂರು, ಬೆಂಗಳೂರುಗಳಂಥ ಮೇಲುನಾಡಿನ ಪಟ್ಟಣಗಳಲ್ಲಿ ಬೆಳೆಯುವ ಮಕ್ಕಳಿಗೆ ಸಮುದ್ರವೆಂಬುದು ಭೂಪಟದಲ್ಲಿ ನೀಲಿ ಬಣ್ಣ ಬಳಿದ ಒಂದು ಭಾಗ, ಅಷ್ಟೆ. ಆದುದರಿಂದ ಎಂದಾದರೊಂದು ದಿನ ಅದನ್ನು ಕಣ್ಣಾರೆ ನೋಡಬೇಕೆಂಬ ಹಟ ಮನೆಯಲ್ಲಿ ಹುಟ್ಟಿಯೇ ಹುಟ್ಟುತ್ತದೆ. ದೀರ್ಘ ಪ್ರವಾಸಕ್ಕೆ ಅವಕಾಶವಿಲ್ಲದ ಗೃಹಸ್ಥರು ಎರಡು ಮೂರು ದಿನಗಳ ಬಿಡುವಿನಲ್ಲಿ ಈ ಹಟವನ್ನು ಹೇಗೆ ಸಲ್ಲಿಸಬಹುದೆಂಬುದೇ ಈ ಹೊತ್ತಿನ ವಿಚಾರ. ನಿದರ್ಶನಕ್ಕಾಗಿ ಮಂಗಳೂರನ್ನು ಆರಿಸಿಕೊಂಡಿದ್ದೇನೆ. ಅದು ಮೈಸೂರಿನಿಂದ ಸುಮಾರು 250, ಬೆಂಗಳೂರಿನಿಂದ ಸುಮಾರು 350 ಕಿಲೋಮೀಟರು ದೂರದಲ್ಲಿದೆ. ಕಡಲೂ ಉಂಟು, ಪಟ್ಟಣದ ಅನುಕೂಲಗಳೂ ಉಂಟು. ಮಗುವಿಗೆ ಜ್ವರ ಬಂದಾಗ ವೈದ್ಯರು ಹತ್ತಿರದಲ್ಲಿರುವುದು ಸಣ್ಣ ಅನುಕೂಲವಲ್ಲ.

ಮೊದಲು ಕಾಲದ ಮಾತು. ಮಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು. ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುತ್ತದೆ. ಆಗ ಕಡಲು ರೌದ್ರವಾಗಿರುತ್ತದೆ, ನೀರಿಗಿಳಿಯುವುದು ಸಲ್ಲದು. ಏಪ್ರಿಲ್, ಮೇ ತಿಂಗಳ ಬೇಗೆ ಮೇಲುನಾಡಿನ ಮಕ್ಕಳಿಗೆ ಸಹಿಸದು. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಪ್ರಶಸ್ತ. ಆಗಲೂ ಅಲ್ಲಿಯ ಗಾಳಿಯಲ್ಲಿ ತೇವ ಹೆಚ್ಚಾದ್ದರಿಂದ ಬೆವರು ಬೇಗ ಆರುವುದಿಲ್ಲ. ಸಡಿಲವಾದ ಹತ್ತಿಯ ಬಟ್ಟೆಯನ್ನು ಎಣಿಸಿದ್ದಕ್ಕಿಂತ ಎರಡು ಜೊತೆ ಹೆಚ್ಚಾಗಿ ಒಯ್ಯುವುದೂ, ಮಕ್ಕಳು ಕೇಳುವ ಮೊದಲೇ ಕುಡಿಯಲು ನೀರನ್ನೋ ಮಜ್ಜಿಗೆಯನ್ನೋ ಕೊಡುವುದೂ ಒಳ್ಳೆಯದು.

ಪ್ರಯಾಣವನ್ನು ದಾಟಬೇಕಾದ ಕಷ್ಟವೆಂದು ಎಣಿಸದೆ, ವಿಹಾರದ ಮೊದಲ ಭಾಗವೆಂದೇ ಎಣಿಸಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಸುಮಾರು 55 ಕಿಲೋಮೀಟರು ಘಟ್ಟದ ರೈಲುದಾರಿಯಲ್ಲಿ 57 ಸುರಂಗಗಳಿವೆ. ಹಗಲಿನ ಗಾಡಿಯಲ್ಲಿ ಅವನ್ನು ಎಣಿಸಲು ಹೇಳಿದರೆ ಐದು ವರ್ಷದ ಮಗುವೂ ಬಹಳ ಹೊತ್ತು ಬೇಸರಪಡದು. ಲೆಕ್ಕ ತಪ್ಪಿದರೆ ಹಿಂತಿರುಗುವಾಗ ಸರಿಪಡಿಸಿಕೊಳ್ಳಬಹುದು. ಇರುಳಿನ ಗಾಡಿಯಲ್ಲಿ ಹೋದರೆ ನಿದ್ರೆಯೇನೋ ದೊರೆತೀತು, ಘಟ್ಟ ಮಾತ್ರ ಕಾಣದು.

ಇನ್ನು ಕಾರ್ಯಕ್ರಮ. ಇಲ್ಲಿಯೇ ನಮ್ಮಂಥವರು ಎಡವುವುದು. ನಾವು ಮೊದಲ ಸಲ ಹೋದಾಗ ಎರಡು ದಿನಗಳಿಗೆ ಒಂಬತ್ತು ಸ್ಥಳಗಳ ಪಟ್ಟಿಯೊಂದನ್ನು ಮಾಡಿದ್ದೆನು. ಮಕ್ಕಳು ನಾಲ್ಕನೆಯ ಸ್ಥಳದಲ್ಲಿ ಅತ್ತರು, ಐದನೆಯದರಲ್ಲಿ ನಿದ್ರೆಹೋದರು. ಊರಿಗೆ ಬಂದ ಮೇಲೆ ಏನು ನೋಡಿದಿರೆಂದು ಅಜ್ಜಿ ಕೇಳಿದಾಗ, ಮರಳಿನ ಬಿಲದೊಳಕ್ಕೆ ಅಡ್ಡಡ್ಡವಾಗಿ ಓಡಿಹೋದ ಏಡಿಯೊಂದರ ಹೊರತು ಅವರಿಗೆ ಮತ್ತೇನೂ ನೆನಪಿರಲಿಲ್ಲ. ಅಂದಿನಿಂದ ನಮ್ಮ ನಿಯಮವಿಷ್ಟೆ: ಬೆಳಗ್ಗೆ ಒಂದು, ಸಂಜೆ ಒಂದು, ನಡುಹಗಲು ಊಟ, ನಿದ್ರೆ.

ಈ ನಿಯಮ ಕಡಲಿಗೂ ಒಪ್ಪುತ್ತದೆ. ಬೆಳಗ್ಗೆ ಒಂಬತ್ತರ ಒಳಗೆ, ಸಂಜೆ ನಾಲ್ಕೂವರೆಯ ಮೇಲೆ ಮರಳು ಕಾಲು ಸುಡುವುದಿಲ್ಲ. ಪಡುವಣ ಕರಾವಳಿಯಾದ್ದರಿಂದ ಸೂರ್ಯನು ಕಡಲಿನಲ್ಲಿಯೇ ಮುಳುಗುವುದನ್ನು ಮಕ್ಕಳು ನೋಡಬಹುದು. ಊರಿನ ಉತ್ತರಕ್ಕೆ ಬಂದರಿನ ಬಳಿಯ ಪಣಂಬೂರಿದೆ. ಅಲ್ಲಿ ಜನಸಂದಣಿ ಹೆಚ್ಚು. ತಣ್ಣೀರುಬಾವಿಯು ಗುರುಪುರ ನದಿಗೂ ಕಡಲಿಗೂ ನಡುವಿನ ಕಿರಿದಾದ ನೆಲದ ಮೇಲಿದೆ. ಅದರ ಎದುರು ದಡದಲ್ಲಿ ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿಯ ಕಾವಲುಗೋಪುರವಿದೆ. ದಕ್ಷಿಣದ ಸೋಮೇಶ್ವರದಲ್ಲಿ ಬಂಡೆಗಳು ಹೆಚ್ಚು. ಅದು ನೋಡಲು ಚೆಲುವು, ಚಿಕ್ಕ ಮಕ್ಕಳ ನೀರಾಟಕ್ಕೆ ಅಲ್ಲ. ಕಡಲಿಗೆ ವಿರಾಮ ಕೊಡುವ ಹೊತ್ತಿಗೆ ಪಿಲಿಕುಳದ ನಿಸರ್ಗಧಾಮವಿದೆ. ತುಳುವಿನಲ್ಲಿ ಪಿಲಿಯೆಂದರೆ ಹುಲಿ. ಹುಲಿಗಳು ನೀರು ಕುಡಿಯುತ್ತಿದ್ದ ಕೊಳವೆಂದು ಹೇಳಿದರೆ ಸಾಕು, ಮಕ್ಕಳು ತಾವೇ ಮುಂದಾಗುತ್ತಾರೆ. ಅಲ್ಲಿ ಮೃಗಾಲಯವೂ, 2018ರಲ್ಲಿ ಆರಂಭವಾದ ತಾರಾಲಯವೂ ಇವೆ. ವಾರದ ರಜೆ ಯಾವ ದಿನವೆಂದು ವಿಚಾರಿಸಿಕೊಂಡು ಹೊರಡಿರಿ.

ಈಗ, ಎಲ್ಲಕ್ಕಿಂತಲೂ ಮುಖ್ಯವಾದ ಮಾತು. ಒಂದು ಸಂಜೆ ತೀರದಲ್ಲಿ ನಾವಿಬ್ಬರೂ ಕುಳಿತಿದ್ದೆವು. ನಾಲ್ಕು ವರ್ಷದ ಮಗಳು ಮುಂದೆ ಆಡುತ್ತಿದ್ದಳು. ತಾಯಿ ನೋಡುತ್ತಿದ್ದಾಳೆಂದು ನಾನೂ, ತಂದೆ ನೋಡುತ್ತಿದ್ದಾನೆಂದು ಅವಳೂ ತಿಳಿದಿದ್ದೆವು. ತಲೆಯೆತ್ತಿದಾಗ ಮಗು ಅಲ್ಲಿರಲಿಲ್ಲ. ಹುಡುಕಿದ್ದು ಎರಡು ಮೂರು ನಿಮಿಷವಿರಬಹುದು. ಆ ಹೊತ್ತಿನಲ್ಲಿ ಅಲೆಯ ಸದ್ದೊಂದರ ಹೊರತು ನನಗೆ ಬೇರೇನೂ ಕೇಳಿಸಲಿಲ್ಲ. ಕಡೆಗೆ ಅವಳು ಎಳೆದಿಟ್ಟಿದ್ದ ದೋಣಿಯ ಮರೆಯಲ್ಲಿ ಕಪ್ಪೆಚಿಪ್ಪು ಆಯುತ್ತಿದ್ದಳು. ಅವಳು ಇನ್ನೊಂದು ದಿಕ್ಕಿಗೆ ನಡೆದಿದ್ದರೆ ಈ ಭಾಷಣವನ್ನು ಮಾಡಲು ನನಗೆ ಮನಸ್ಸು ಬರುತ್ತಿರಲಿಲ್ಲ.

ಮುಳುಗುವವರು ಕೂಗಿಕೊಳ್ಳುತ್ತಾರೆಂದು ನಾವು ನಂಬಿದ್ದೇವೆ. ನಿಜವಾಗಿ, ಉಸಿರಿಗಾಗಿ ಹೆಣಗುವವನಿಗೆ ಕೂಗಲು ಉಸಿರೇ ಇರುವುದಿಲ್ಲ. ಮಗು ಸದ್ದಿಲ್ಲದೆ ಮುಳುಗುತ್ತದೆ. ಆದ್ದರಿಂದ ಕಿವಿಯನ್ನು ನಂಬಿ ಕೂರುವಂತಿಲ್ಲ. ಅಂದಿನಿಂದ ನಮ್ಮಲ್ಲಿ ಒಬ್ಬರು "ಈಗ ನಾನು ನೋಡುತ್ತೇನೆ" ಎಂದು ಬಾಯಿಬಿಟ್ಟು ಹೇಳುವ ಪದ್ಧತಿ ಬಂದಿದೆ. ಹಾಗೆ ಹೇಳಿದವರು ಪುಸ್ತಕವನ್ನಾಗಲಿ ಫೋನನ್ನಾಗಲಿ ಮುಟ್ಟುವುದಿಲ್ಲ. ಎದ್ದು ಹೋಗಬೇಕಾದರೆ ಕೆಲಸವನ್ನು ಇನ್ನೊಬ್ಬರಿಗೆ ಹೇಳಿ ಒಪ್ಪಿಸುತ್ತಾರೆ.

ಎರಡನೆಯ ಅಪಾಯ ಸೆಳೆತದ್ದು. ಅಲೆಗಳು ದಡಕ್ಕೆ ತಂದೊಟ್ಟಿದ ನೀರು ಎಲ್ಲಿಯಾದರೂ ಹಿಂದಕ್ಕೆ ಹೋಗಲೇಬೇಕಷ್ಟೆ. ಅದು ಮರಳಿನ ದಿಣ್ಣೆಗಳ ನಡುವೆ ಕಿರಿದಾದ ಕಾಲುವೆ ಮಾಡಿಕೊಂಡು ವೇಗವಾಗಿ ಕಡಲಿನತ್ತ ಹರಿಯುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದು ಕಡಮೆ. ನೀರು ಶಾಂತವಾಗಿ, ತುಸು ಕಪ್ಪಾಗಿ ಕಾಣುತ್ತದೆ. ತಿಳಿಯದವರು ಅದನ್ನೇ ಕ್ಷೇಮವೆಂದು ಭ್ರಮಿಸಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತಾರೆ. ಸಿಕ್ಕಿಕೊಂಡ ದೊಡ್ಡವರು ದಡದತ್ತ ಎದುರೀಜದೆ, ದಡಕ್ಕೆ ಸಮಾನಾಂತರವಾಗಿ ಈಜಿ, ಸೆಳೆತದಿಂದ ಹೊರಬಂದ ಮೇಲೆ ತೀರಕ್ಕೆ ತಿರುಗಬೇಕು. ಮಗುವಿಗೆ ಈ ಉಪಾಯ ಸಾಧ್ಯವಿಲ್ಲ. ಆದುದರಿಂದ ಅದರ ಕಡಲು ಕಣಕಾಲಿನ ಆಳಕ್ಕೆ ಮುಗಿಯಬೇಕು, ಆ ಆಳದಲ್ಲಿಯೂ ಅದರ ಕೈ ನಮ್ಮ ಕೈಯಲ್ಲಿರಬೇಕು. ನೀರಿಗಿಳಿಯುವ ಮುನ್ನ ಜೀವರಕ್ಷಕರನ್ನೋ ಮೀನುಗಾರರನ್ನೋ ಕೇಳಿರಿ. ಬೇಡವೆಂದರೆ ತರ್ಕ ಮಾಡದೆ ಹಿಂತಿರುಗಿರಿ.

ಹೀಗೆ ಎಚ್ಚರವಾಗಿದ್ದರೆ ಉಳಿದುದೆಲ್ಲ ಸುಲಭ. ಮಧ್ಯಾಹ್ನದ ನಿದ್ರೆಗೆ ಮುಂಚೆ ನೀರುದೋಸೆ, ಸಂಜೆ ತೀರದಿಂದ ಬರುವಾಗ ಗೋಳಿಬಜೆ. ಚೀಲದಲ್ಲಿ ಮರಳು, ಜೇಬಿನಲ್ಲಿ ಚಿಪ್ಪು. ಎಷ್ಟು ಸ್ಥಳ ನೋಡಿದೆವೆಂಬ ಲೆಕ್ಕವನ್ನು ಮಕ್ಕಳು ಇಡುವುದಿಲ್ಲ. ತಾವು ಕಟ್ಟಿದ ಮರಳಿನ ಮನೆಯನ್ನು ಅಲೆ ಬಂದು ಕೆಡವಿದಾಗ ಅಪ್ಪನೂ ಅಮ್ಮನೂ ಪಕ್ಕದಲ್ಲಿ ಕುಳಿತು ಮತ್ತೆ ಕಟ್ಟಲು ನೆರವಾದರೇ ಎಂಬುದನ್ನು ಅವರು ನೆನಪಿಡುತ್ತಾರೆ. ಮೂರು ದಿನಗಳ ಬಿಡುವಿನಲ್ಲಿ ನಾವು ಅವರಿಗೆ ಕೊಡಬಹುದಾದುದು ಅಷ್ಟೆ, ಅದು ಸಾಕು.