ಕೂಡಿ ಓದುವ ಗೆಳೆತನ

ಸತ್ಯವೇದವನ್ನು ಒಬ್ಬನೇ ಕುಳಿತು ಓದಬಹುದು. ಆದರೆ ಹಾಗೆ ಓದುವವನು ಅನೇಕ ವೇಳೆ ತನಗೆ ಮೊದಲೇ ಗೊತ್ತಿದ್ದ ಅರ್ಥವನ್ನೇ ಮತ್ತೆ ಕಾಣುತ್ತಾನೆ. ಲೂಕನ ಸುವಾರ್ತೆಯ 24ನೆಯ ಅಧ್ಯಾಯದಲ್ಲಿ, ಯೇಸುವಿನ ಮರಣದಿಂದ ಎದೆಗುಂದಿದ ಇಬ್ಬರು ಶಿಷ್ಯರು ಮಾತಾಡುತ್ತ ಎಮ್ಮಾಹು ಎಂಬ ಊರಿಗೆ ನಡೆದಿದ್ದಾರೆ. ಜೊತೆಗೂಡಿದ ಅಪರಿಚಿತನೊಬ್ಬನು ದಾರಿಯುದ್ದಕ್ಕೂ ಶಾಸ್ತ್ರದ ಅರ್ಥವನ್ನು ಬಿಡಿಸಿ ಹೇಳುತ್ತಾನೆ. ಅವನೇ ಯೇಸುವೆಂದು ಅವರಿಗೆ ತಿಳಿಯುವುದು ಊಟಕ್ಕೆ ಕುಳಿತು ರೊಟ್ಟಿ ಮುರಿದಾಗ. ವಿಜಯಪುರದಿಂದ ತಿಕೋಟಾಕ್ಕೋ ಬಬಲೇಶ್ವರಕ್ಕೋ ಜೋಳದ ಹೊಲಗಳ ನಡುವೆ ನಡೆದವರಿಗೆ ಈ ಕಥೆ ದೂರದ್ದಲ್ಲ. ದಾರಿಯ ಮಾತು, ದಣಿವು, ಕಡೆಗೆ ಹಂಚಿ ಉಂಡ ರೊಟ್ಟಿ, ಇವೆಲ್ಲ ನಮ್ಮವೇ.

ಆ ಗೆಳೆಯನು ಬೇರೆ ಮತದವನಾದರೆ? ಅವನ ಗ್ರಂಥವನ್ನು ಓದಿದರೆ ನಮ್ಮ ವಿಶ್ವಾಸ ಸಡಿಲವಾದೀತೆಂದು ಅಂಜುವವರಿದ್ದಾರೆ. 1923ರಲ್ಲಿ ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಮರುವರುಷ, 1924ರಲ್ಲಿ, ಬಾಸೆಲ್ ಮಿಶನ್ನಿನ ಪಾದ್ರಿಗಳಾದ ಉತ್ತಂಗಿ ಚನ್ನಪ್ಪನವರು ಹುಡುಕಿ ಕೂಡಿಸಿದ ಸರ್ವಜ್ಞನ ವಚನಗಳು ಅಚ್ಚಾದವು. ಉತ್ತಂಗಿಯವರು ಶರಣರ ವಚನಗಳನ್ನೂ ಆಳವಾಗಿ ಅಭ್ಯಾಸ ಮಾಡಿದರು. ಅನುಭವ ಮಂಟಪದ ಐತಿಹಾಸಿಕತೆಯನ್ನು ಕುರಿತು ಬರೆದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಇಷ್ಟಾದರೂ ಅವರು 1962ರಲ್ಲಿ ತೀರಿಕೊಳ್ಳುವವರೆಗೆ ಕ್ರೈಸ್ತರಾಗಿಯೇ ಬಾಳಿದರು.

ವಿಶ್ವಾಸವೆಂದರೆ ಪ್ರಶ್ನೆಗೆ ಬಾಗಿಲಿಕ್ಕುವುದಲ್ಲ. ತಿಳಿಯದ ವಾಕ್ಯವನ್ನು ಗೆಳೆಯನ ಮುಂದೆ ನಾಚದೆ ಇಡಬಲ್ಲೆನಾದರೆ, ಅವನು ಹೇಳುವ ವಚನವನ್ನು ಗೌರವದಿಂದ ಕೇಳಬಲ್ಲೆನಾದರೆ, ನನ್ನ ಸತ್ಯವೇದವೇ ನನಗೆ ಇನ್ನಷ್ಟು ಹತ್ತಿರವಾಗುತ್ತದೆ.