ಗುಜರಿ ಫಿಯೆಟ್‌ನಿಂದ ರೇಸ್ ಟ್ರ್ಯಾಕ್‌ಗೆ: ಗ್ಯಾರೇಜ್‌ನಲ್ಲಿ ಹುಟ್ಟಿದ ಒಂದೇ ಸೀಟಿನ ಕಾರು

 

ಇವತ್ತಿನ ಮಾತು ಕಾರಿನ ಬಗ್ಗೆ. ಶೋರೂಮ್‌ನಲ್ಲಿ ರಿಬ್ಬನ್ ಕಟ್ಟಿ ಕೀ ಕೊಡೋ ಕಾರಲ್ಲ. ಶೆಡ್‌ನಲ್ಲಿ ಪೈಪು ಕತ್ತರಿಸಿ, ವೆಲ್ಡ್ ಮಾಡಿ, ಗುಜರಿಯಿಂದ ತಂದ ಸಾಮಾನು ಜೋಡಿಸಿ ಕಟ್ಟೋ ಕಾರು. ಒಂದೇ ಸೀಟು, ಬಾಗಿಲಿಲ್ಲ, ಚಾವಣಿ ಇಲ್ಲ. ರೇಸ್ ಕಾರು.

"ಮನೇಲಿ ಹಳೇ ಬೈಕ್ ಎಂಜಿನ್ ಬಿದ್ದಿದೆ, ಅದರಲ್ಲಿ ಒಂದು ರೇಸ್ ಕಾರು ಕಟ್ಟಬಹುದಾ?" ಡಿಪ್ಲೊಮಾ, ಎಂಜಿನಿಯರಿಂಗ್ ಓದೋ ಹುಡುಗರು, ಹುಡುಗಿಯರು ಕೇಳೋ ಪ್ರಶ್ನೆ ಇದು. ಕಟ್ಟಬಹುದು. ಕಟ್ಟಿದ್ದಾರೆ ಕೂಡ. ಹಾಗೆ ಬೈಕ್ ಎಂಜಿನ್ ಇಟ್ಟು ಕಟ್ಟಿದ ಒಂದು ಕಾರು ಮುಂದೆ ಫಾರ್ಮುಲಾ ಒನ್ನಿನ ದಿಕ್ಕನ್ನೇ ಬದಲಿಸಿತು. ಮೊದಲು ಆ ಕಥೆ ಹೇಳ್ತೀನಿ. ಆಮೇಲೆ ಅದರಿಂದ ಏನು ಕಲೀಬೇಕು, ಏನನ್ನ ಕಲೀಲೇಬಾರದು ಅಂತ ನೋಡೋಣ.

ವರ್ಷ 1946. ಎರಡನೇ ಮಹಾಯುದ್ಧ ಮುಗಿದು ಒಂದು ವರ್ಷವೂ ಆಗಿರಲಿಲ್ಲ. ಇಂಗ್ಲೆಂಡ್‌ನಲ್ಲಿ ಎಲ್ಲದಕ್ಕೂ ಅಭಾವ. ಪೆಟ್ರೋಲ್ ಸಿಗ್ತಿದ್ದದ್ದು ರೇಷನ್‌ನಲ್ಲಿ. ಹೊಸ ಕಾರು ಕೊಳ್ಳೋದೇ ಕಷ್ಟ ಅಂದಮೇಲೆ ರೇಸ್ ಕಾರಿನ ಮಾತೆಲ್ಲಿ? ಆದರೆ ರೇಸಿಂಗ್ ಹುಚ್ಚು ಇದ್ದವರು ಸುಮ್ಮನೆ ಕೂರಲಿಲ್ಲ. ಕಡಿಮೆ ಖರ್ಚಿನಲ್ಲಿ ರೇಸ್ ಮಾಡೋಕೆ ಒಂದು ದಾರಿ ಹುಡುಕಿದರು: ಎಂಜಿನ್ 500 ಸಿಸಿ ಮೀರಬಾರದು. ಅಂದರೆ ಮೋಟಾರ್‌ಬೈಕ್ ಎಂಜಿನ್ ಸಾಕು. ಉಳಿದದ್ದು ನಿಮ್ಮ ಕೈಚಳಕ.

ಲಂಡನ್ನಿನ ಪಕ್ಕದ ಸರ್ಬಿಟನ್ ಅನ್ನೋ ಊರಲ್ಲಿ ಚಾರ್ಲ್ಸ್ ಕೂಪರ್ ಅವರದ್ದು ಒಂದು ಗ್ಯಾರೇಜ್. ಕಾರು ರಿಪೇರಿ ಅವರ ಕಸುಬು. ಮಗ ಜಾನ್ ಕೂಪರ್. 1946ರ ಜುಲೈಗೆ ಅವರಿಗೆ 23 ವರ್ಷ. ಜೊತೆಗೆ ಗೆಳೆಯ ಎರಿಕ್ ಬ್ರ್ಯಾಂಡನ್. ಇವರಿಗೂ ಒಂದು 500 ಸಿಸಿ ಕಾರು ಕಟ್ಟೋ ಆಸೆ ಹುಟ್ಟಿತು.

ಕಾರು ಕಟ್ಟೋರಿಗೆ ಮೊದಲು ಎದುರಾಗೋ ತಲೆನೋವು ಎಂಜಿನ್ ಅಲ್ಲ, ಸಸ್ಪೆನ್ಷನ್. ಚಕ್ರ ಹಳ್ಳದಲ್ಲಿ ಇಳಿದಾಗ, ಉಬ್ಬು ಹತ್ತಿದಾಗ ನೆಲ ಬಿಡದ ಹಾಗೆ ಹಿಡಿದುಕೊಳ್ಳೋ ವ್ಯವಸ್ಥೆ. ಅದನ್ನ ಸೊನ್ನೆಯಿಂದ ಮಾಡೋಕೆ ದುಡ್ಡು ಬೇಕು, ಲೆಕ್ಕಾಚಾರ ಬೇಕು. ಕೂಪರ್ ಗ್ಯಾರೇಜ್‌ನವರು ಸುಲಭ ದಾರಿ ಹಿಡಿದರು. ಇಟಲಿಯ ಫಿಯೆಟ್ ಟೊಪೊಲಿನೊ ಅಂತ ಒಂದು ಪುಟ್ಟ ಕಾರು. ಅದರ ಮುಂದಿನ ಎರಡು ಚಕ್ರಗಳಿಗೆ ಒಳ್ಳೇ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇತ್ತು. ಒಂದು ಚಕ್ರ ಕುಣಿದರೆ ಇನ್ನೊಂದಕ್ಕೆ ಅದರ ಪೆಟ್ಟು ತಾಗೋದಿಲ್ಲ. ಇವರು ಎರಡು ಟೊಪೊಲಿನೊಗಳ ಮುಂಭಾಗ ತಂದರು. ಒಂದನ್ನ ಮುಂದಕ್ಕೆ, ಇನ್ನೊಂದನ್ನ ತಿರುಗಿಸಿ ಹಿಂದಕ್ಕೆ ಇಟ್ಟು ಬೆನ್ನಿಗೆ ಬೆನ್ನು ಸೇರಿಸಿ ವೆಲ್ಡ್ ಮಾಡಿದರು. ನಾಲ್ಕೂ ಚಕ್ರಕ್ಕೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಬಂತು! ಆ ಕಾಲದ ಎಷ್ಟೋ ದುಬಾರಿ ಕಾರುಗಳಲ್ಲೂ ಇರದ ಸೌಕರ್ಯ.

ಈಗ ಎಂಜಿನ್. ಜೆಎಪಿ ಕಂಪನಿಯ ಒಂದೇ ಸಿಲಿಂಡರಿನ ಎಂಜಿನ್. ಮಣ್ಣಿನ ಟ್ರ್ಯಾಕ್‌ನ ಸ್ಪೀಡ್‌ವೇ ಬೈಕ್ ರೇಸ್‌ಗಳಲ್ಲಿ ಹೆಸರು ಮಾಡಿದ್ದು. ಓಡ್ತಿದ್ದದ್ದು ಮೆಥನಾಲ್ ಮೇಲೆ. ಅದನ್ನ ಎಲ್ಲಿ ಇಡಬೇಕು? ಅಂದಿನ ರೂಢಿ ಪ್ರಕಾರ ಎಂಜಿನ್ ಮುಂದೆ, ಚಾಲಕ ಹಿಂದೆ. ಹಾಗಿಟ್ಟರೆ ಎಂಜಿನ್ನಿನ ಶಕ್ತಿಯನ್ನ ಹಿಂದಿನ ಚಕ್ರಕ್ಕೆ ಒಯ್ಯೋಕೆ ಚಾಲಕನ ಕೆಳಗೆ ಉದ್ದನೆಯ ಶಾಫ್ಟ್ ಬೇಕು. ಇವರ ಹತ್ತಿರ ಇದ್ದದ್ದು ಬೈಕ್ ಎಂಜಿನ್, ಬೈಕ್ ಗೇರ್‌ಬಾಕ್ಸ್. ಬೈಕ್‌ನಲ್ಲಿ ಶಕ್ತಿ ಹೋಗೋದು ಚೈನ್ ಮೂಲಕ. ಚೈನ್ ಗಿಡ್ಡ ಇದ್ದಷ್ಟೂ ಒಳ್ಳೇದು. ಹಾಗಾಗಿ ಎಂಜಿನ್ ಚಾಲಕನ ಬೆನ್ನ ಹಿಂದೆ ಹೋಯ್ತು. ಅಲ್ಲಿಂದ ಒಂದು ಗಿಡ್ಡ ಚೈನ್ ಹಿಂದಿನ ಆಕ್ಸಲ್‌ಗೆ. ಅಷ್ಟೇ.

ಇದನ್ನ ಗಮನಿಸಿ. ಕ್ರಾಂತಿ ಮಾಡ್ತೀವಿ ಅಂತ ಹೊರಟವರಲ್ಲ ಇವರು. ಎಂಜಿನ್ ಹಿಂದಿಡೋದನ್ನ ಮೊದಲು ಮಾಡಿದವರೂ ಅಲ್ಲ. ಯುದ್ಧಕ್ಕೆ ಮೊದಲೇ ಜರ್ಮನಿಯ ಆಟೋ ಯೂನಿಯನ್ ಅಂಥ ದೈತ್ಯ ಕಾರುಗಳನ್ನ ಓಡಿಸಿತ್ತು, ಸರ್ಕಾರದ ದುಡ್ಡಿನ ಬೆಂಬಲದಲ್ಲಿ. ಕೂಪರ್‌ಗಳು ಹಿಂದಿಟ್ಟದ್ದು ಚೈನ್ ಸಲುವಾಗಿ. ಕೈಲಿದ್ದ ಸಾಮಾನು ಹೇಳಿದ ಹಾಗೆ ಕೇಳಿದರು. ಸುಮಾರು ಐದು ವಾರದಲ್ಲಿ ಕಾರು ಸಿದ್ಧ. ಅದೇ ಬೇಸಿಗೆಯಲ್ಲಿ ಪ್ರೆಸ್ಕಾಟ್ ಗುಡ್ಡದ ದಾರಿಯ ಸ್ಪರ್ಧೆಗೂ ಇಳಿಯಿತು.

ಹಿಂದಿಟ್ಟಿದ್ದರಿಂದ ಕೇಳದೇ ಸಿಕ್ಕ ಲಾಭಗಳು ನೋಡಿ. ಕೆಳಗೆ ಶಾಫ್ಟ್ ಇಲ್ಲ, ಹಾಗಾಗಿ ಚಾಲಕ ನೆಲಕ್ಕೆ ಹತ್ತಿರ ಕೂರಬಹುದು. ಎದುರಿಗೆ ಎಂಜಿನ್ ಇಲ್ಲ, ಹಾಗಾಗಿ ಮೂತಿ ಚಿಕ್ಕದು, ಗಾಳಿಯ ತಡೆ ಕಡಿಮೆ. ಭಾರವೆಲ್ಲ ಕಾರಿನ ನಡುಭಾಗಕ್ಕೆ ಹತ್ತಿರ ಸೇರಿತು. ತಿರುವಿನಲ್ಲಿ ಕಾರು ಚುರುಕಾಗಿ ತಿರುಗುತ್ತೆ. ಉದ್ದನೆಯ ಕೋಲಿನ ಎರಡು ತುದಿಗೆ ಕಲ್ಲು ಕಟ್ಟಿ ತಿರುಗಿಸಿ ನೋಡಿ, ಆಮೇಲೆ ಅದೇ ಕಲ್ಲುಗಳನ್ನ ಮಧ್ಯಕ್ಕೆ ತಂದು ತಿರುಗಿಸಿ ನೋಡಿ. ವ್ಯತ್ಯಾಸ ಕೈಗೇ ಗೊತ್ತಾಗುತ್ತೆ.

ಇನ್ನು ತೂಕ. ಕಾರು ಸುಮಾರು 250 ಕಿಲೋ, ಎಂಜಿನ್ ಸುಮಾರು 45 ಅಶ್ವಶಕ್ತಿ. ನಮಗೆಲ್ಲ ಗೊತ್ತಿರೋ ಹಳೇ ಮಾರುತಿ 800 ತಗೊಳ್ಳಿ. ಸುಮಾರು 37 ಅಶ್ವಶಕ್ತಿ, 650 ಕಿಲೋ. ಒಂದು ಟನ್ ತೂಕಕ್ಕೆ ಲೆಕ್ಕ ಹಾಕಿದರೆ ಮಾರುತಿಗೆ 57 ಅಶ್ವಶಕ್ತಿ ಬಂದರೆ, ಈ ಗ್ಯಾರೇಜ್ ಕಾರಿಗೆ 180. ಮೂರು ಪಟ್ಟು! ಎಂಜಿನ್ ದೊಡ್ಡದಾಗಿದ್ದಕ್ಕಲ್ಲ, ಬೇಡದ್ದು ಏನೂ ಇಲ್ಲದಿದ್ದಕ್ಕೆ.

ಕಾರು ಓಡಿದ್ದು ನೋಡಿ ಜನ "ನಮಗೂ ಒಂದು ಮಾಡಿಕೊಡಿ" ಅಂದರು. ಅಪ್ಪ, ಮಗ ಮಾರೋಕೆ ಶುರು ಮಾಡಿದರು. 1948ರಲ್ಲಿ ಒಬ್ಬ ಹದಿಹರೆಯದ ಹುಡುಗ ಒಂದು ಕಾರು ಕೊಂಡ. ಹೆಸರು ಸ್ಟರ್ಲಿಂಗ್ ಮಾಸ್. 1950ರಲ್ಲಿ ಈ 500 ಸಿಸಿ ರೇಸಿಂಗ್‌ಗೆ ಫಾರ್ಮುಲಾ 3 ಅನ್ನೋ ಅಧಿಕೃತ ಪಟ್ಟ ಸಿಕ್ಕಿತು.

ನೇರ 1958ರ ಜನವರಿಗೆ ಬನ್ನಿ. ಅರ್ಜೆಂಟೀನಾ ಗ್ರ್ಯಾನ್ ಪ್ರಿ. ಅದೇ ಸ್ಟರ್ಲಿಂಗ್ ಮಾಸ್ ಈಗ ದೊಡ್ಡ ಹೆಸರು. ಓಡಿಸ್ತಿದ್ದದ್ದು ಕೂಪರ್. ಚೈನ್ ಹೋಗಿ ಗೇರ್ ಬಂದಿತ್ತು, ಬೈಕ್ ಎಂಜಿನ್ ಹೋಗಿ ಕಾರಿನ ಎಂಜಿನ್ ಬಂದಿತ್ತು. ಆದರೆ ಎಂಜಿನ್ ಮಾತ್ರ ಬೆನ್ನ ಹಿಂದೆಯೇ. ಅದು ಎರಡು ಲೀಟರ್‌ಗೂ ಸ್ವಲ್ಪ ಕಡಿಮೆ. ಎದುರಿಗಿದ್ದ ಫೆರಾರಿಗಳದ್ದು ಸುಮಾರು ಎರಡೂವರೆ ಲೀಟರ್. ಜೊತೆಗೆ ಇನ್ನೊಂದು ಸಂಕಟ: ಕೂಪರ್‌ನ ಪ್ರತಿ ಚಕ್ರಕ್ಕೂ ನಾಲ್ಕು ನಟ್. ಟೈರ್ ಬದಲಿಸೋಕೆ ನಿಂತರೆ ರೇಸ್ ಕೈಬಿಟ್ಟ ಹಾಗೇ. ಮಾಸ್ ತಂಡದವರು ಪಿಟ್‌ನಲ್ಲಿ ಟೈರ್ ಬದಲಿಸೋಕೆ ತಯಾರಾದ ಹಾಗೆ ನಾಟಕ ಮಾಡಿದರು. "ಹೇಗೂ ನಿಲ್ತಾನೆ" ಅಂತ ಎದುರಾಳಿಗಳು ಆತುರಪಡಲಿಲ್ಲ. ಮಾಸ್ ನಿಲ್ಲಲೇ ಇಲ್ಲ. ಕೊನೆಗೆ ಟೈರ್ ಸವೆದು ಒಳಗಿನ ಬಟ್ಟೆ ಕಾಣ್ತಿತ್ತು. ಆದರೂ ಫೆರಾರಿಯ ಲುಯಿಜಿ ಮುಸ್ಸೊಗಿಂತ 2.7 ಸೆಕೆಂಡ್ ಮುಂದೆ ಗೆರೆ ದಾಟಿದರು. ಎಂಜಿನ್ ಹಿಂದಿದ್ದ ಕಾರು ವಿಶ್ವ ಚಾಂಪಿಯನ್‌ಷಿಪ್ ರೇಸ್ ಗೆದ್ದದ್ದು ಅದೇ ಮೊದಲು.

ಕುದುರೆ ಗಾಡಿಯನ್ನ ಎಳೀಬೇಕೇ ಹೊರತು ತಳ್ಳಬಾರದು ಅನ್ನೋ ಅರ್ಥದ ಮಾತು ಎಂಜೊ ಫೆರಾರಿ ಅವರ ಹೆಸರಲ್ಲಿ ಓಡಾಡುತ್ತೆ. ಆದರೆ 1959 ಮತ್ತು 1960, ಎರಡೂ ವರ್ಷ ಜಾಕ್ ಬ್ರಾಭಮ್ ಕೂಪರ್ ಓಡಿಸಿ ವಿಶ್ವ ಚಾಂಪಿಯನ್ ಆದರು. 1961ಕ್ಕೆ ಫೆರಾರಿಯೂ ತನ್ನ ಕುದುರೆಯನ್ನ ಗಾಡಿಯ ಹಿಂದೆ ಕಟ್ಟಿತು! ಇವತ್ತು ಟಿವಿಯಲ್ಲಿ ನೀವು ನೋಡೋ ಪ್ರತಿ ಫಾರ್ಮುಲಾ ಒನ್ ಕಾರಿನ ಎಂಜಿನ್ ಚಾಲಕನ ಬೆನ್ನ ಹಿಂದೆಯೇ ಇರೋದು.

ನಮ್ಮ ಕಡೆ ಇಂಥದ್ದೇನಾದ್ರೂ ಆಗಿದೆಯಾ? ಪಕ್ಕದಲ್ಲೇ ಆಗಿದೆ, ಕೊಯಮತ್ತೂರಿನಲ್ಲಿ. ಎಸ್. ಕರಿವರ್ಧನ್ ಅನ್ನೋವ್ರು 1980ರ ದಶಕದಲ್ಲಿ ಮಾರುತಿ 800ರ ಎಂಜಿನ್ ಇಟ್ಟು ಒಂದೇ ಸೀಟಿನ ರೇಸ್ ಕಾರು ಕಟ್ಟಿದರು. ಫಾರ್ಮುಲಾ ಮಾರುತಿ ಅಂತ ಕರೆದರು. ಯಾಕೆ ಅದೇ ಎಂಜಿನ್? ಊರೂರಿನಲ್ಲಿ ಬಿಡಿಭಾಗ ಸಿಗುತ್ತೆ, ರಿಪೇರಿ ಗೊತ್ತಿರೋ ಮೆಕ್ಯಾನಿಕ್ ಸಿಗ್ತಾನೆ. ಅಲ್ಲಿ ಚೈನ್ ಹೇಳಿದ್ದನ್ನ ಇಲ್ಲಿ ಮಾರುತಿ ಹೇಳಿತು. ಆ ಕಾರುಗಳಲ್ಲಿ ರೇಸಿಂಗ್ ಕಲಿತವರಲ್ಲಿ ನರೇನ್ ಕಾರ್ತಿಕೇಯನ್ ಒಬ್ಬರು. 2005ರಲ್ಲಿ ಅವರು ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯರಾದರು. ಕರಿವರ್ಧನ್ ಅದನ್ನ ನೋಡೋಕೆ ಇರಲಿಲ್ಲ. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅವರ ಹೆಸರಿನದ್ದೇ.

ಸರಿ, ಈಗ ಕಲೀಬಾರದ್ದರ ಬಗ್ಗೆ. 1946ರ ಆ ಕಾರಿನ ಫೋಟೊ ನೋಡಿದರೆ ಚಂದ ಅನ್ನಿಸುತ್ತೆ. ಆದರೆ ಚಾಲಕನ ತಲೆಯ ಹಿಂದೆ ರೋಲ್ ಬಾರ್ ಇಲ್ಲ. ಸೀಟ್ ಬೆಲ್ಟ್ ಇಲ್ಲ. ಕಾರು ಮಗುಚಿದರೆ ಹೊರಗೆ ಎಸೆಯಲ್ಪಟ್ಟರೇ ಬದುಕಬಹುದು ಅಂತ ನಂಬಿದ್ದ ಕಾಲ ಅದು. ಫಾರ್ಮುಲಾ ಒನ್‌ನಲ್ಲೇ ರೋಲ್ ಬಾರ್ ಕಡ್ಡಾಯ ಆಗಿದ್ದು 1961ಕ್ಕೆ, ಬೆಲ್ಟ್ ಕಡ್ಡಾಯ ಆಗಿದ್ದು 1972ಕ್ಕೆ. ನಡುವೆ ಎಷ್ಟೋ ಜೀವ ಹೋದವು.

ನನ್ನದೇ ಒಂದು ಸಂಗತಿ ಹೇಳ್ತೀನಿ. ಕಾಲೇಜಿನಲ್ಲಿ ನಾವು ಏಳು ಜನ ಸೇರಿ ಇಂಥದ್ದೊಂದು ಕಾರು ಕಟ್ಟಿದ್ವಿ. ಮುಂದಿನ ಚಕ್ರ ಹಿಡಿಯೋ ಬ್ರ್ಯಾಕೆಟ್‌ಗಳನ್ನ ನಾನೇ ವೆಲ್ಡ್ ಮಾಡಿದ್ದೆ, ವಿಡಿಯೊ ನೋಡಿ ಕಲಿತು. ನೋಡೋಕೆ ಅಚ್ಚುಕಟ್ಟಾಗಿತ್ತು. ಮಾರನೇ ದಿನ ಮೊದಲ ಓಟ, ನಮ್ಮ ಗೆಳತಿ ಓಡಿಸಬೇಕಿತ್ತು. ಹಿಂದಿನ ಸಂಜೆ ಪೈಪ್ ಕೊಡೋಕೆ ಬಂದ ವೆಲ್ಡಿಂಗ್ ಅಂಗಡಿಯ ಅಣ್ಣ ಬಗ್ಗಿ ನೋಡಿದರು. "ಏನ್ರಪ್ಪಾ, ಇದನ್ಯಾರು ಬೆಸೆದಿದ್ದು? ಮೇಲೆ ಚೆನ್ನಾಗಿ ಕೂತಿದೆ, ಒಳಗೆ ಹಿಡ್ದೇ ಇಲ್ಲ" ಅಂದರು. ಸುತ್ತಿಗೆ ತಗೊಂಡು ಎರಡೇ ಏಟು. ಬ್ರ್ಯಾಕೆಟ್ ಕಿತ್ತು ನೆಲಕ್ಕೆ ಬಿತ್ತು. ಯಾರೂ ಮಾತಾಡಲಿಲ್ಲ. ಅದು ಮಾರನೇ ದಿನ 60 ಕಿಲೋಮೀಟರ್ ವೇಗದಲ್ಲಿ ಕಿತ್ತುಬಂದಿದ್ದರೆ? ಓಟ ಮೂರು ವಾರ ಮುಂದಕ್ಕೆ ಹೋಯ್ತು. ಎಲ್ಲ ಬೆಸುಗೆಯನ್ನೂ ಆ ಅಣ್ಣನ ಕೈಲೇ ಮತ್ತೆ ಹಾಕಿಸಿದ್ವಿ.

ಹಾಗಾಗಿ ನನ್ನ ಮಾತು ಇಷ್ಟೇ. ಗುಜರಿ ಎಂಜಿನ್ ಇರಲಿ, ಹಳೇ ಸೀಟ್ ಇರಲಿ, ಬಾಡಿಗೆ ತಗಡು ಇರಲಿ. ಅಲ್ಲಿ ಉಳಿಸಿ. ವೆಲ್ಡಿಂಗ್, ಬ್ರೇಕ್, ಸ್ಟೀರಿಂಗ್, ರೋಲ್ ಬಾರ್, ಬೆಲ್ಟ್, ಹೆಲ್ಮೆಟ್ ಇವುಗಳಲ್ಲಿ ಒಂದು ರೂಪಾಯಿಯೂ ಉಳಿಸಬೇಡಿ. ವಿದ್ಯಾರ್ಥಿಗಳ ಫಾರ್ಮುಲಾ ಸ್ಪರ್ಧೆಗಳಲ್ಲಿ ಕಾರನ್ನ ಟ್ರ್ಯಾಕ್‌ಗೆ ಬಿಡೋ ಮೊದಲು ಏನು ನೋಡ್ತಾರೆ ಗೊತ್ತಾ? ಬ್ರೇಕ್ ಒತ್ತಿದರೆ ನಾಲ್ಕೂ ಚಕ್ರ ಲಾಕ್ ಆಗಬೇಕು. ಕಾರನ್ನ 60 ಡಿಗ್ರಿ ವಾಲಿಸಿದರೂ ಮಗುಚಬಾರದು, ಇಂಧನ ಸೋರಬಾರದು. ಬೆಲ್ಟ್ ಹಾಕಿ ಕೂತ ಚಾಲಕ ಐದು ಸೆಕೆಂಡ್‌ನಲ್ಲಿ ಹೊರಗೆ ಬರಬೇಕು. ಈ ಮೂರನ್ನ ನಿಮ್ಮ ಶೆಡ್ಡಿನ ಗೋಡೆ ಮೇಲೆ ದೊಡ್ಡಕ್ಷರದಲ್ಲಿ ಬರೆದುಕೊಳ್ಳಿ.

ಇನ್ನೊಂದು: ಈ ಕಾರು ರಸ್ತೆಗೆ ಅಲ್ಲ. ನೋಂದಣಿ ಇಲ್ಲದ ಗಾಡಿಯನ್ನ ರಿಂಗ್ ರೋಡ್‌ನಲ್ಲಿ ರಾತ್ರಿ ಓಡಿಸಿ ರೀಲ್ ಮಾಡೋದು ರೇಸಿಂಗ್ ಅಲ್ಲ, ಅಪರಾಧ. ಎದುರಿಗೆ ಬರೋ ಸ್ಕೂಟರ್‌ನವರು ನಿಮ್ಮ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟಿಲ್ಲ. ಟ್ರ್ಯಾಕ್‌ಗೆ ಹೋಗಿ.

ಎಲ್ಲಿಂದ ಶುರು ಮಾಡೋದು? ಎಂಜಿನ್ ಕೊಳ್ಳೋಕೆ ಓಡಬೇಡಿ. ಒಂದು ಸೀಮೆಸುಣ್ಣ ತಗೊಳ್ಳಿ. ನಿಮ್ಮಲ್ಲಿ ಎತ್ತರ ಇರೋರನ್ನ ನೆಲದ ಮೇಲೆ ಕಾಲು ಚಾಚಿ ಕೂರಿಸಿ. ಸುತ್ತ ಗೆರೆ ಎಳೀರಿ. ಪಾದ ಎಲ್ಲಿ, ಕೈ ಎಲ್ಲಿ, ಬೆನ್ನು ಎಲ್ಲಿ. ಬೆನ್ನ ಹಿಂದೆ ಎಂಜಿನ್‌ಗೆ ಒಂದು ಚೌಕ. ನಾಲ್ಕು ಮೂಲೆಗೆ ಚಕ್ರ. ಕಾರು ಹುಟ್ಟೋದು ಮನುಷ್ಯನ ಸುತ್ತ. ಅವರು ಕ್ಷೇಮವಾಗಿ ಎದ್ದು ಬರೋ ಹಾಗೆ ಕಟ್ಟಿದರೆ ಮಾತ್ರ ಅದು ಕಾರು.

ಗೆರೆ ಎಳೆದ್ರಾ? ಫೋಟೊ ಕಳಿಸಿ, ನೋಡೋಣ.